ಮನೆಯ ಸಮಾರಂಭಕ್ಕೆ ಕಲಾವಿದರು, ಮಗಳಿಗೆ ಗುರು: ಒಬ್ಬರೇ ಆಗಬಹುದಾ?

ಪ್ರಶ್ನೆ: ಅಪ್ಪ ಅಮ್ಮನ ಮದುವೆಗೆ 50 ವರ್ಷ ತುಂಬುತ್ತಿದೆ. ಸುಮಾರು 80 ಜನರನ್ನು ಕರೆದು ಒಂದು ಸಂಜೆ ಸೇರಬೇಕು ಅಂದುಕೊಂಡಿದ್ದೇವೆ. ಮೊದಲ ಭಾಗ ತೋಟದಲ್ಲಿ, ಊಟ ಒಳಗೆ ಹಾಲ್‌ನಲ್ಲಿ. ಸ್ಪೀಕರ್‌ನಲ್ಲಿ ಹಾಡು ಹಾಕೋದು ಬೇಡ, ಎದುರಿಗೆ ಕೂತು ನುಡಿಸುವವರು ಬೇಕು ಅನ್ನೋದು ನಮ್ಮ ಆಸೆ. ಹೆಸರಾಂತ ವಯಲಿನ್ ವಾದಕಿಯೊಬ್ಬರ ನಾಲ್ವರ ತಂಡದ ವಿಡಿಯೋ ನೋಡಿ ತುಂಬಾ ಇಷ್ಟವಾಗಿದೆ. ನಮ್ಮ ಎಂಟು ವರ್ಷದ ಮಗಳೂ ವಯಲಿನ್ ಕಲೀತೀನಿ ಅಂತಿದ್ದಾಳೆ. ಅವಳನ್ನು ಅವರ ಹತ್ತಿರವೇ ಪಾಠಕ್ಕೆ ಹಾಕಿದರೆ ಹೇಗೆ? ಇಂಥ ದೊಡ್ಡ ಕಲಾವಿದರ ಹತ್ತಿರ ಏನು ಕೇಳಬೇಕು, ಹೇಗೆ ಮಾತಾಡಬೇಕು ಅನ್ನೋದೇ ತಿಳಿಯುತ್ತಿಲ್ಲ.

ಉತ್ತರ: ಸಮಾರಂಭಕ್ಕೆ ಅವರನ್ನು ಖಂಡಿತ ಕೇಳಿ. ಪಾಠದ ಮಾತು ಮಾತ್ರ ಈಗಲೇ ಎತ್ತಬೇಡಿ. ಅವರು ಇನ್ನೊಂದು ಮಗುವಿಗೆ ಪಾಠ ಮಾಡುವುದನ್ನು ಒಮ್ಮೆ ಕೂತು ನೋಡಿ. ಆಮೇಲೆ ಕೇಳಿ.

ವರ್ಷಗಟ್ಟಲೆ ಇಂಥ ತಂಡಗಳಲ್ಲಿ ವಿಯೋಲ (ವಯಲಿನ್‌ಗಿಂತ ಸ್ವಲ್ಪ ದೊಡ್ಡ ತಂತಿವಾದ್ಯ) ನುಡಿಸಿ, ಉಳಿದ ಹೊತ್ತು ಮಕ್ಕಳಿಗೆ ಕಲಿಸಿ ನನಗೆ ಖಾತ್ರಿಯಾದ ಒಂದು ವಿಷಯ ಹೇಳುತ್ತೇನೆ. ಎರಡೂ ಕೆಲಸಕ್ಕೆ ಬೇಕಾದ ಮುಖ್ಯ ಗುಣ ಕೈಚಳಕ ಅಲ್ಲ, ಕಿವಿ. ಸಮಾರಂಭದಲ್ಲಿ ನುಡಿಸುವವರು ಆ ಜಾಗವನ್ನೂ ಜನರನ್ನೂ ಕೇಳಿಸಿಕೊಳ್ಳಬೇಕು. ಪಾಠ ಮಾಡುವವರು ಮಗುವನ್ನು ಕೇಳಿಸಿಕೊಳ್ಳಬೇಕು. ಒಬ್ಬರಿಗೆ ಎರಡೂ ಬರಬಹುದು, ಒಂದೇ ಬರಬಹುದು. ವಿಡಿಯೋ ನೋಡಿದರೆ ಇವೆರಡರಲ್ಲಿ ಯಾವುದೂ ಗೊತ್ತಾಗುವುದಿಲ್ಲ. ಅಲ್ಲಿ ಕಾಣುವುದು ಕೈ ಮಾತ್ರ. ಅದಕ್ಕೇ ಸಮಾರಂಭವನ್ನೂ ಪಾಠವನ್ನೂ ಬೇರೆ ಬೇರೆಯಾಗಿ ನೋಡೋಣ.

ಕಲಾವಿದರಿಗೆ ಫೋನ್ ಮಾಡುವ ಮೊದಲು ಮನೆಯವರೆಲ್ಲ ಕೂತು ಒಂದು ವಿಷಯ ತೀರ್ಮಾನಿಸಿಕೊಳ್ಳಿ. ಬಂದವರು ಸಂಗೀತ ಕೇಳಬೇಕಾ, ಅಥವಾ ಅವರು ಮಾತಾಡುತ್ತಿರುವಾಗ ಸಂಗೀತ ಸುತ್ತ ಇದ್ದರೆ ಸಾಕಾ? ಇವೆರಡೂ ಬೇರೆ ಬೇರೆ ಕೆಲಸ. ನುಡಿಸುವ ಕೃತಿಗಳು ಬೇರೆ, ಕೂರುವ ಜಾಗ ಬೇರೆ, ಕೆಲವೊಮ್ಮೆ ತಂಡವೇ ಬೇರೆ. ಈ ತೀರ್ಮಾನ ಆಗದೆ ಕರೆಸಿದಾಗ ಇಬ್ಬರಿಗೂ ಬೇಸರ. ಮನೆಯವರು "ಯಾರೂ ಕೇಳಲೇ ಇಲ್ಲ" ಅನ್ನುತ್ತಾರೆ. ಕಲಾವಿದರು "ಕೇಳುವವರೇ ಇರಲಿಲ್ಲ" ಅನ್ನುತ್ತಾರೆ.

ಹಿನ್ನೆಲೆ ಸಂಗೀತ ಅಂದರೆ ಕೀಳು ಅಂತ ನಾನು ಹೇಳುತ್ತಿಲ್ಲ. ಚೆನ್ನಾಗಿ ಮಾಡುವುದು ಬಹಳ ಕಷ್ಟ. ಫ್ರಾನ್ಸಿನ ಎರಿಕ್ ಸಾತಿ ಅನ್ನುವ ಸಂಗೀತಕಾರ ಕುರ್ಚಿ ಮೇಜಿನ ಹಾಗೆ ಸುಮ್ಮನೆ ಕೋಣೆಯಲ್ಲಿ ಇರುವಂಥ ಸಂಗೀತ ಬೇಕು ಎಂದು ಹೊರಟು, 1920ರಲ್ಲಿ ಪ್ಯಾರಿಸ್‌ನ ಒಂದು ಕಲಾ ಗ್ಯಾಲರಿಯಲ್ಲಿ ವಾದ್ಯಗಾರರಿಂದ ಅದನ್ನು ನುಡಿಸಿ ನೋಡಿದ. ನಾಟಕದ ನಡುವಿನ ವಿರಾಮದಲ್ಲಿ ಜನ ಓಡಾಡುತ್ತಾ ಮಾತಾಡುತ್ತಾ ಇರಲಿ ಅನ್ನುವುದು ಅವನ ಲೆಕ್ಕಾಚಾರ. ವಾದ್ಯ ಶುರುವಾದದ್ದೇ ತಡ, ಜನ ಬಾಯಿ ಮುಚ್ಚಿ ಕೇಳುತ್ತಾ ಕೂತುಬಿಟ್ಟರು. ಮಾತಾಡಿ, ಓಡಾಡಿ ಎಂದು ಸಾತಿಯೇ ಅವರನ್ನು ಎಬ್ಬಿಸಬೇಕಾಯಿತು. ಎದುರಿಗೆ ಮನುಷ್ಯರು ಕೂತು ನುಡಿಸಿದರೆ ಜನ ತಾವಾಗಿಯೇ ಆ ಕಡೆ ತಿರುಗುತ್ತಾರೆ. ಅದನ್ನು ಬೇಕಾದಾಗ ಬಳಸಿಕೊಳ್ಳುವುದು, ಬೇಡದಾಗ ಹಿಂದೆ ಸರಿಯುವುದು ಅನುಭವಿಗಳಿಗೆ ಬರುತ್ತದೆ. ಹಿರಿಯರೊಬ್ಬರು ಎರಡು ಮಾತಾಡಲು ಎದ್ದು ನಿಂತರು ಅನ್ನಿ. ಒಳ್ಳೆಯ ತಂಡದ ಮುಖ್ಯಸ್ಥೆ ಅದನ್ನು ಓರೆಗಣ್ಣಲ್ಲೇ ನೋಡಿರುತ್ತಾಳೆ. ಕಮಾನು ತಂತಿಯ ಮೇಲೆ ಹಗುರವಾಗುತ್ತದೆ, ಉಳಿದ ಮೂವರು ಅವಳ ಉಸಿರು ನೋಡಿಯೇ ದನಿ ತಗ್ಗಿಸುತ್ತಾರೆ, ಮುಂದಿನ ಸಾಲಿನ ಕೊನೆಗೆ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ನಡುವೆ ಕತ್ತರಿಸಿದ ಹಾಗೆ ಯಾರಿಗೂ ಅನ್ನಿಸುವುದಿಲ್ಲ. ನೀವು ಸಂಭಾವನೆ ಕೊಡುವುದು ಈ ಜಾಣತನಕ್ಕೆ.

ನಿಮ್ಮ ಸಂಜೆಗೆ ನನ್ನ ಸಲಹೆ ಹೀಗಿದೆ. ಜನ ಬರುತ್ತಿರುವಾಗ ತೋಟದಲ್ಲಿ ಮುಕ್ಕಾಲು ಗಂಟೆ ಹಿನ್ನೆಲೆಗೆ ನುಡಿಸಲಿ. ಒಳಗೆ ಬಂದ ಮೇಲೆ, ಊಟಕ್ಕೆ ಮೊದಲು, ಎಲ್ಲರೂ ಕೂತು ಕೇಳುವ ಹಾಗೆ 20 ನಿಮಿಷದ ಪುಟ್ಟ ಕಛೇರಿ ಇಡಿ. ಅಪ್ಪ ಅಮ್ಮನನ್ನು ಮುಂದಿನ ಸಾಲಿನಲ್ಲೇ ಕೂರಿಸಿ. ಮನೆಯವರು ಯಾರಾದರೂ ಎದ್ದು ನಿಂತು, ಇವರು ಇಂಥವರು, ಇದನ್ನು ನುಡಿಸುತ್ತಾರೆ, ಅಪ್ಪ ಅಮ್ಮನಿಗೆ ಇದು ಯಾಕೆ ಇಷ್ಟ ಎಂದು ಎರಡು ಮಾತು ಹೇಳಿ. ಅಷ್ಟಾದರೆ 80 ಜನವೂ ಸುಮ್ಮನಾಗುತ್ತಾರೆ. ಜನ ಮಾತಾಡಿದರೆ ಸಾಮಾನ್ಯವಾಗಿ ಅದು ಅವರ ತಪ್ಪಲ್ಲ, ಕೇಳುವ ಹೊತ್ತು ಇದು ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ.

ಊಟದ ಹೊತ್ತಿಗೆ ಸಂಗೀತ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಾರಣ ಇದೆ. ಸುತ್ತ ಸದ್ದು ಜಾಸ್ತಿಯಾದರೆ ಮನುಷ್ಯ ತನಗೇ ಗೊತ್ತಿಲ್ಲದ ಹಾಗೆ ದನಿ ಏರಿಸುತ್ತಾನೆ. ಎತಿಯೆನ್ ಲೊಂಬಾರ್ ಅನ್ನುವ ಫ್ರೆಂಚ್ ವೈದ್ಯ 1911ರಲ್ಲೇ ಇದನ್ನು ಬರೆದಿಟ್ಟಿದ್ದಾರೆ, ಅವರ ಹೆಸರಲ್ಲೇ ಇದನ್ನು ಲೊಂಬಾರ್ ಪರಿಣಾಮ ಅನ್ನುತ್ತಾರೆ. ಒಂದು ಮೇಜಿನವರು ದನಿ ಏರಿಸಿದರೆ ಪಕ್ಕದ ಮೇಜಿನವರು ಇನ್ನೂ ಏರಿಸುತ್ತಾರೆ. ಅದರ ನಡುವೆ ವಾದ್ಯ ಕೇಳಿಸಬೇಕೆಂದರೆ ಮೈಕ್ ಏರಿಸಬೇಕು, ಮೈಕ್ ಏರಿಸಿದರೆ ಜನ ಕೂಗಬೇಕು. ಬರಿಯ ನೆಲ, ಗಾಜಿನ ಗೋಡೆ ಇರುವ ಹಾಲ್‌ನಲ್ಲಿ ಇದು ಇನ್ನೂ ಬೇಗ ಕೆಡುತ್ತದೆ. ವಯಸ್ಸಾದವರಿಗೆ ಇಂಥ ಗದ್ದಲದಲ್ಲಿ ಎದುರಿಗಿರುವವರ ಮಾತು ಹಿಡಿಯುವುದೇ ಕಷ್ಟ. ನಿಮ್ಮ ಸಂಜೆ ಇರುವುದೇ ಹಿರಿಯರಿಗಾಗಿ ಅಲ್ವಾ? ಊಟದಲ್ಲೂ ಸಂಗೀತ ಬೇಕೇ ಬೇಕು ಅನ್ನಿಸಿದರೆ ಇಬ್ಬರು ಸಾಕು. ವಯಲಿನ್ ಮತ್ತು ಚೆಲ್ಲೋ (ಕೂತು ಮೊಣಕಾಲುಗಳ ನಡುವೆ ಇಟ್ಟು ನುಡಿಸುವ ದೊಡ್ಡ ತಂತಿವಾದ್ಯ), ಅಥವಾ ಕೊಳಲು ಮತ್ತು ಗಿಟಾರ್. ಕೋಣೆಯ ಒಂದು ಮೂಲೆಯಲ್ಲಿ, ಮೈಕ್ ಇಲ್ಲದೆ.

ಇನ್ನು ತೋಟ. ಜನ ಇದನ್ನು ಬಹಳ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕೋಣೆಯಲ್ಲಿ ಗೋಡೆ, ಚಾವಣಿಗಳಿಗೆ ಬಡಿದ ನಾದ ನಮ್ಮ ಹತ್ತಿರ ವಾಪಸ್ ಬರುತ್ತದೆ. ಬಯಲಲ್ಲಿ ಹೋದದ್ದು ಹೋಯಿತು. ದೂರ ಎರಡು ಪಟ್ಟಾದ ಹಾಗೆಲ್ಲ ಸದ್ದು ಸುಮಾರು 6 ಡೆಸಿಬೆಲ್ (ಸದ್ದಿನ ಅಳತೆ) ಇಳಿಯುತ್ತಾ ಹೋಗುತ್ತದೆ. 2 ಮೀಟರ್ ದೂರದಲ್ಲಿ ತುಂಬಿಕೊಂಡು ಕೇಳಿಸುವ ವಯಲಿನ್ 16 ಮೀಟರ್ ದೂರದಲ್ಲಿ 18 ಡೆಸಿಬೆಲ್ ಕಡಿಮೆ. ಅದರ ಮೇಲೆ ಜನರ ಮಾತು. ಹಾಗಾಗಿ ತೋಟದಲ್ಲಿ ವಾದ್ಯಗಾರರನ್ನು ದೂರದ ಚಂದದ ಮರದ ಕೆಳಗೆ ಕೂರಿಸಬೇಡಿ. ಹಿಂದೆ ಒಂದು ಗೋಡೆ ಇರುವ ಕಡೆ, ಜನ ಸೇರುವ ಜಾಗಕ್ಕೆ ಹತ್ತಿರ ಕೂರಿಸಿ. ಗೋಡೆ ನಾದವನ್ನು ಮುಂದಕ್ಕೆ ತಳ್ಳುತ್ತದೆ. ಆಗಲೂ ಸಾಲದಿದ್ದರೆ ಸಣ್ಣ ಮೈಕ್ ವ್ಯವಸ್ಥೆ ಬೇಕಾಗುತ್ತದೆ. ತಂತಿವಾದ್ಯಕ್ಕೆ ಮೈಕ್ ಕೂರಿಸಿ ಗೊತ್ತಿರುವವರನ್ನೇ ಕರೆಯಿರಿ, ಬರೀ ಭಾಷಣಕ್ಕೆ ಮೈಕ್ ಕೊಡುವವರಿಂದ ಈ ಕೆಲಸ ಆಗುವುದಿಲ್ಲ.

ನೆರಳಿನ ವಿಷಯದಲ್ಲಿ ಕಲಾವಿದರು ಹಟ ಹಿಡಿದರೆ ಅದನ್ನು ಗತ್ತು ಅಂದುಕೊಳ್ಳಬೇಡಿ. ವಯಲಿನ್‌ನ ಮೇಲಿನ ಹಲಗೆ ಸುಮಾರು 3 ಮಿಲಿಮೀಟರ್ ದಪ್ಪ ಅಷ್ಟೇ. ಅದರ ಮೇಲೆ ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಪುಟ್ಟ ಮರದ ತುಂಡು, ಕುದುರೆಯ ಮೇಲೆ ನಾಲ್ಕು ತಂತಿ. ತಂತಿಗಳ ಎಳೆತ ಒಟ್ಟು ಸೇರಿ 20 ಕಿಲೋಗಿಂತ ಜಾಸ್ತಿ. ಹಲಗೆಗಳನ್ನು ಹಿಡಿದಿಟ್ಟಿರುವುದು ಬಿಸಿಗೆ ಮೆತ್ತಗಾಗುವ ಅಂಟು. ನೇರ ಬಿಸಿಲಿಗೆ ಇಟ್ಟರೆ ವಾರ್ನಿಶ್ ಮೆತ್ತಗಾಗುತ್ತದೆ, ಕೂಡಿಸಿದ ಕಡೆ ಬಿಡಬಹುದು. ಗಾಳಿ ಒಣಗಿದರೆ ತಂತಿ ಬಿಗಿಮಾಡುವ ಬಿರಡೆ ಜಾರುತ್ತದೆ, ತೇವವಾದರೆ ಕಮಾನಿನ ಕೂದಲು ಸಡಿಲವಾಗುತ್ತದೆ. ಬಿಸಿಲೇರಿದ ಹಾಗೆ ಕೊಳಲಿನ ಶ್ರುತಿ ಏರಿದರೆ ತಂತಿಯ ಶ್ರುತಿ ಇಳಿಯುತ್ತದೆ. ಎರಡನ್ನೂ ಜೊತೆಗಿಟ್ಟು ಬಿಸಿಲಲ್ಲಿ ಕೂರಿಸಿದರೆ ಎಂಥ ಕಲಾವಿದರೂ ಶ್ರುತಿ ಸೇರಿಸುವುದರಲ್ಲೇ ಸುಸ್ತಾಗುತ್ತಾರೆ. ಮಳೆ ಬಂದರೆ ಎಲ್ಲಿಗೆ ಹೋಗುವುದು ಅನ್ನುವುದನ್ನೂ ಮೊದಲೇ ಹೇಳಿಡಿ. ಆವತ್ತು ಮೋಡ ನೋಡಿ ತೀರ್ಮಾನಿಸೋಣ ಅಂದರೆ ಆಗದು.

ಸಣ್ಣಪುಟ್ಟ ಏರ್ಪಾಡುಗಳು ಕೆಲವಿವೆ. ಕೈ ಇಲ್ಲದ ಕುರ್ಚಿ ಬೇಕು, ಕೈ ಇದ್ದರೆ ಕಮಾನು ತಾಗುತ್ತದೆ. ನಾಲ್ವರ ತಂಡಕ್ಕೆ ಸುಮಾರು 3 ಮೀಟರ್ ಉದ್ದ, ಅಷ್ಟೇ ಅಗಲದ ಸಮತಟ್ಟು ಜಾಗ ಬೇಕು. ಕತ್ತಲಾಗುವ ಹೊತ್ತಿಗೆ ನೋಟ್ಸ್ ಕಾಣುವಷ್ಟು ಬೆಳಕು ಬೇಕು. ಚೆಲ್ಲೋ ಇದ್ದರೆ ನೆಲದ ಬಗ್ಗೆ ಮೊದಲೇ ಹೇಳಿ. ಅದು ಚೂಪಾದ ಲೋಹದ ಕಡ್ಡಿಯ ಮೇಲೆ ನಿಲ್ಲುತ್ತದೆ. ನಯವಾದ ಕಲ್ಲಿನ ನೆಲದಲ್ಲಿ ಆ ಕಡ್ಡಿ ಜಾರುತ್ತದೆ, ಮರದ ನೆಲದಲ್ಲಿ ಗುಳಿ ಬೀಳಿಸುತ್ತದೆ. ಒಂದು ದಪ್ಪ ಚಾಪೆಯೋ ಕಡ್ಡಿಯನ್ನು ತಡೆದು ಹಿಡಿಯುವ ಪಟ್ಟಿಯೋ ಇದ್ದರೆ ಎರಡೂ ತಪ್ಪುತ್ತದೆ. ಚಾಪೆ ಇಲ್ಲದೆ ಇಡೀ ಸಂಜೆ ಮೊಣಕಾಲಿನಲ್ಲಿ ವಾದ್ಯವನ್ನು ಒತ್ತಿ ಹಿಡಿದು ನುಡಿಸಿದ ಗೆಳೆಯರನ್ನು ನೋಡಿದ್ದೇನೆ. ನಾದ ಎಷ್ಟು ಬಿಗಿಯಾಗಿತ್ತು ಅಂದರೆ ಕಾರಣ ಗೊತ್ತಿಲ್ಲದವರು ಅವರಿಗೆ ಕೈಯೇ ಕೂತಿಲ್ಲ ಅಂದುಕೊಂಡಿರುತ್ತಾರೆ.

ಈಗ ಫೋನ್ ಮಾಡುವ ವಿಷಯ. ದೊಡ್ಡವರು, ಹೇಗೆ ಕೇಳೋದು ಎಂಬ ಸಂಕೋಚ ಬೇಡ. ನಿಜವಾದ ವೃತ್ತಿಪರರಿಗೆ ಸ್ಪಷ್ಟವಾಗಿ ಕೇಳುವವರನ್ನು ಕಂಡರೆ ಇಷ್ಟ. ದಿನ, ಜಾಗ, ಜನ ಎಷ್ಟು, ಎಷ್ಟು ಹೊತ್ತು, ಎಲ್ಲಿ ಹಿನ್ನೆಲೆ, ಎಲ್ಲಿ ಕಛೇರಿ, ಒಳಗೋ ಹೊರಗೋ ಎಂದು ಮೊದಲ ಮಾತಿನಲ್ಲೇ ಹೇಳಿಬಿಡಿ. ನಂತರ ಅವರು ಏನು ಕೇಳುತ್ತಾರೆ ಅನ್ನುವುದನ್ನು ಗಮನಿಸಿ. ಹಾಲ್ ಹೇಗಿದೆ, ನೆಲ ಎಂಥದು, ಅಪ್ಪ ಅಮ್ಮನಿಗೆ ಯಾವ ಸಂಗೀತ ಇಷ್ಟ, ಯಾವಾಗ ಯಾರು ಮಾತಾಡುತ್ತಾರೆ ಎಂದು ಅವರೇ ವಿಚಾರಿಸಿದರೆ ಅದು ಒಳ್ಳೆಯ ಲಕ್ಷಣ. ನಾನು ಆಗಲೇ ಹೇಳಿದ ಕಿವಿ ಫೋನಿನಲ್ಲೇ ಗೊತ್ತಾಗುತ್ತದೆ. ಸಂಭಾವನೆ ಇಷ್ಟು, ಮುಂಗಡ ಇಷ್ಟು ಎಂದಷ್ಟೇ ಹೇಳಿ ಇಟ್ಟರೆ ಸ್ವಲ್ಪ ಯೋಚಿಸಿ.

ನೀವು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಆ ವಿಡಿಯೋದಲ್ಲಿ ಇದ್ದವರೇ ಬರುತ್ತಾರಾ? ಎಷ್ಟೋ ತಂಡಗಳಿಗೆ ಹೆಸರು ಒಂದೇ ಇದ್ದರೂ ನುಡಿಸುವವರು ಬದಲಾಗುತ್ತಿರುತ್ತಾರೆ. ಏಜೆನ್ಸಿ ಮೂಲಕ ಹೋದರೆ ಇದು ಇನ್ನೂ ಜಾಸ್ತಿ. ಬದಲಿ ಕಲಾವಿದರು ಬರುವುದು ತಪ್ಪಲ್ಲ, ಒಳ್ಳೆಯ ಬದಲಿಗಳು ತಾಲೀಮಿಲ್ಲದೆಯೂ ಚೆನ್ನಾಗಿ ನುಡಿಸುತ್ತಾರೆ. ಆದರೆ ಯಾರು ಬರುತ್ತಾರೆ ಅನ್ನುವುದು ನಿಮಗೆ ಮೊದಲೇ ಗೊತ್ತಿರಬೇಕು. ವಿಡಿಯೋ ವಿಷಯದಲ್ಲೂ ಅಷ್ಟೇ. ಸ್ಟುಡಿಯೋದಲ್ಲಿ ಮಾಡಿದ್ದಾದರೆ ನಾಲ್ಕು ಸಲ ನುಡಿಸಿ ಒಳ್ಳೆಯದನ್ನು ಜೋಡಿಸಿರಬಹುದು. ಕತ್ತರಿ ಹಾಕದ, ಜನರ ಎದುರು ನುಡಿಸಿದ ಒಂದು ಪೂರ್ತಿ ವಿಡಿಯೋ ಕೇಳಿ. ಅವರ ಸಾರ್ವಜನಿಕ ಕಛೇರಿ ಇದ್ದರೆ ಹೋಗಿ ಕೇಳುವುದು ಇನ್ನೂ ಒಳ್ಳೆಯದು. ಕಣ್ಣು ಮುಚ್ಚಿ ಐದು ನಿಮಿಷ ಕೇಳಿ. ನಾಲ್ಕು ವಾದ್ಯ ಒಂದೇ ಉಸಿರಿನಲ್ಲಿ ನಡೆಯುತ್ತಿದೆಯಾ, ಅಥವಾ ಒಬ್ಬರು ಮುಂದೆ ಓಡಿ ಉಳಿದವರು ಹಿಂದೆ ಬೀಳುತ್ತಿದ್ದಾರಾ? ಇದನ್ನು ಹೇಳಲು ಸಂಗೀತ ಕಲಿತಿರಬೇಕಾಗಿಲ್ಲ.

ಅಪ್ಪ ಅಮ್ಮನಿಗೆ ಇಷ್ಟದ ಹಾಡೊಂದನ್ನು ನುಡಿಸಿ ಎಂದು ಕೇಳುವುದಾದರೆ ತಿಂಗಳ ಮೊದಲೇ ಕೇಳಿ. ಒಬ್ಬರು ಹಾಡಿದ್ದನ್ನು ಎರಡು ವಯಲಿನ್, ಒಂದು ವಿಯೋಲ, ಒಂದು ಚೆಲ್ಲೋಗೆ ಹಂಚಿ ಬರೆಯಬೇಕು. ಮೂರು ನಿಮಿಷದ ಹಾಡಿಗೂ ಗಂಟೆಗಟ್ಟಲೆ ಕೆಲಸ, ಆಮೇಲೆ ತಾಲೀಮು ಬೇರೆ. ಅದಕ್ಕೆ ಪ್ರತ್ಯೇಕ ಸಂಭಾವನೆ ಕೇಳಿದರೆ ಕೊಡಿ, ನ್ಯಾಯವಾದದ್ದೇ. ಸಂಜೆಯ ನಡುವೆ ಯಾರೋ ನೆಂಟರು ಎದ್ದು ಬಂದು "ಅದೊಂದು ನುಡಿಸಿ" ಅನ್ನುವುದನ್ನು ಮಾತ್ರ ನೀವೇ ತಡೆಯಿರಿ.

ಸಂಭಾವನೆಯ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಒಂದೂವರೆ ಗಂಟೆಗೆ ಇಷ್ಟಾ ಅನ್ನುವವರು ಗಡಿಯಾರ ಮಾತ್ರ ನೋಡುತ್ತಿದ್ದಾರೆ. ಪ್ರಯಾಣ, ಜಾಗಕ್ಕೆ ಮೊದಲೇ ಬಂದು ಶ್ರುತಿ ಮಾಡಿಕೊಂಡು ಸದ್ದು ನೋಡುವುದು, ಹಿಂದಿನ ತಾಲೀಮು ಎಲ್ಲ ಸೇರಿದರೆ ನಾಲ್ಕು ಜನರ ಒಂದು ಪೂರ್ತಿ ದಿನ ನಿಮ್ಮದಾಗುತ್ತದೆ. ಆ ದಿನ ಅವರು ಬೇರೆಲ್ಲೂ ಹೋಗುವ ಹಾಗಿಲ್ಲ. ತಂತಿ, ಕಮಾನಿನ ಕೂದಲು, ವಾದ್ಯದ ವಿಮೆ ಎಲ್ಲ ಅವರದೇ ಖರ್ಚು. ನಿಮ್ಮ ಕೈಗೆ ಹೆಚ್ಚಾದರೆ ಚೌಕಾಸಿ ಮಾಡಬೇಡಿ, ತಂಡ ಚಿಕ್ಕದು ಮಾಡಿ. ಒಳ್ಳೆಯ ಇಬ್ಬರು ಸಾಧಾರಣ ನಾಲ್ವರಿಗಿಂತ ಎಷ್ಟೋ ಮೇಲು. ನಿಮ್ಮ ಮನೆಯಲ್ಲಿ ನುಡಿಸಿದರೆ ನಾಲ್ಕು ಜನಕ್ಕೆ ಹೆಸರು ಗೊತ್ತಾಗುತ್ತದೆ ಎಂದು ದಯವಿಟ್ಟು ಹೇಳಬೇಡಿ. ಆ ಮಾತು ಕೇಳಿದ ಕೂಡಲೇ ಒಳ್ಳೆಯವರು ಹಿಂದೆ ಸರಿಯುತ್ತಾರೆ.

ಮಾತಾದದ್ದನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಒಪ್ಪಿಕೊಳ್ಳಿ. ಎಷ್ಟು ಹೊತ್ತಿಗೆ ಬರುವುದು, ಎಷ್ಟು ಹೊತ್ತು ನುಡಿಸುವುದು, ವಿರಾಮ ಎಷ್ಟು, ಸಮಾರಂಭ ತಡವಾದರೆ ಹೆಚ್ಚಿನ ಹೊತ್ತಿಗೆ ಏನು ಲೆಕ್ಕ, ಯಾರಾದರೂ ರದ್ದು ಮಾಡಿದರೆ ಮುಂಗಡದ ಗತಿ ಏನು, ಯಾರಿಗಾದರೂ ಹುಷಾರಿಲ್ಲದಿದ್ದರೆ ಬದಲಿ ಯಾರು. 45–50 ನಿಮಿಷ ನುಡಿಸಿ ಕಾಲು ಗಂಟೆ ಬಿಡುವು ಸಾಮಾನ್ಯ ಲೆಕ್ಕ. ಭುಜ, ಬೆರಳಿಗೆ ಅದು ಬೇಕು. ವಿಡಿಯೋ ಮಾಡಿಕೊಳ್ಳುವುದಾದರೆ ಅದನ್ನೂ ಬರೆಯಿರಿ. ತಾವು ನುಡಿಸಿದ್ದರ ಮೇಲೆ ಕಲಾವಿದರಿಗೂ ಹಕ್ಕಿದೆ, 1961ರ ರೋಮ್ ಒಪ್ಪಂದದಿಂದಲೇ ಅಂತರರಾಷ್ಟ್ರೀಯ ಮಟ್ಟದಲ್ಲಿ ಅದಕ್ಕೆ ಮಾನ್ಯತೆ ಇದೆ. ಮನೆಯವರು ನೋಡಲು ಒಂದು ವಿಡಿಯೋಗೆ ಹೆಚ್ಚಿನವರು ಬೇಡ ಅನ್ನುವುದಿಲ್ಲ. ಇಂಟರ್ನೆಟ್‌ಗೆ ಹಾಕುವುದಾದರೆ ಕೇಳಿಯೇ ಹಾಕಬೇಕು. ಬಾಕಿ ಹಣ ಅವತ್ತೇ ಕೊಟ್ಟುಬಿಡಿ. ಜನರನ್ನು ಬೀಳ್ಕೊಡುವ ಗಡಿಬಿಡಿಯಲ್ಲಿ ಕಲಾವಿದರನ್ನು ಬಾಗಿಲಲ್ಲಿ ನಿಲ್ಲಿಸಬಾರದು.

ಇನ್ನು ಮಗಳ ಪಾಠ. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಇದೇ. ಸಮಾರಂಭ ಒಂದು ಸಂಜೆ. ಮೊದಲ ಗುರು ಸಿಗುವುದು ಬದುಕಿಗೆ ಒಂದೇ ಸಲ.

ಚೆನ್ನಾಗಿ ನುಡಿಸುವವರು ಚೆನ್ನಾಗಿಯೇ ಕಲಿಸುತ್ತಾರೆ ಅನ್ನುವುದು ಸುಲಭವಾಗಿ ಬರುವ ನಂಬಿಕೆ. ಎಷ್ಟೋ ಸಲ ನಿಜವೂ ಹೌದು. ಆದರೆ ಚಿಕ್ಕಂದಿನಲ್ಲೇ ಕೈ ಕೂತವರಿಗೆ, ಕಮಾನು ಹಿಡಿಯುವುದು ಯಾಕೆ ಕಷ್ಟ ಅನ್ನುವುದೇ ಮರೆತುಹೋಗಿರುತ್ತದೆ. ಮಗು ಹೆಬ್ಬೆರಳನ್ನು ಬಿಗಿ ಹಿಡಿದರೆ "ಸಡಿಲ ಬಿಡು" ಅನ್ನುತ್ತಾರೆ. ಸಡಿಲ ಬಿಡುವುದು ಹೇಗೆ ಎಂದು ಗೊತ್ತಿದ್ದರೆ ಮಗು ಬಿಡುತ್ತಿರಲಿಲ್ಲವೇ? ಕಲಿಸಲು ಗೊತ್ತಿರುವವರು ಕಮಾನನ್ನು ಪಕ್ಕಕ್ಕಿಟ್ಟು ಕೈಗೆ ಪೆನ್ಸಿಲ್ ಕೊಡುತ್ತಾರೆ. ಹೆಬ್ಬೆರಳನ್ನು ಬಾಗಿಸಿ ಹಿಡಿಸುತ್ತಾರೆ, ಕಿರುಬೆರಳನ್ನು ಮೇಲೆ ಕೂರಿಸಿ ತಟ್ಟಿಸುತ್ತಾರೆ. ಎರಡು ನಿಮಿಷದಲ್ಲಿ ಮಗುವಿನ ಕೈ ತಾನಾಗಿಯೇ ಮೆತ್ತಗಾಗುತ್ತದೆ. ಅದಾದ ಮೇಲೆ ಕಮಾನು ವಾಪಸ್ ಬರುತ್ತದೆ. ಸಡಿಲ ಅನ್ನುವ ಮಾತೇ ಬೇಕಾಗುವುದಿಲ್ಲ.

ನ್ಯೂಯಾರ್ಕ್‌ನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ದಶಕಗಳ ಕಾಲ ವಯಲಿನ್ ಕಲಿಸಿದ ಡೊರೊಥಿ ಡಿಲೇ (1917–2002) ವೇದಿಕೆಯ ತಾರೆ ಆಗಿರಲಿಲ್ಲ. ಆದರೆ ಹೆಸರಾಂತ ವಯಲಿನ್ ವಾದಕರಾದ ಇಟ್ಝಾಕ್ ಪರ್ಲ್‌ಮನ್, ಮಿಡೋರಿ, ಗಿಲ್ ಶಹಾಮ್ ಎಲ್ಲರೂ ಡಿಲೇ ಅವರ ಶಿಷ್ಯರು. ಸ್ವರ ಸ್ವಲ್ಪ ಆಚೀಚೆ ಆದಾಗ ತಪ್ಪು ಅನ್ನುವ ಬದಲು, ಈ ಸ್ವರದ ಬಗ್ಗೆ ನಿನ್ನ ಕಲ್ಪನೆ ಏನು ಎಂದು ಕೇಳುತ್ತಿದ್ದರಂತೆ, ಪರ್ಲ್‌ಮನ್ ಇದನ್ನು ನೆನೆಸಿಕೊಂಡಿದ್ದಾರೆ. ಹಾಗೆ ಕೇಳಿದಾಗ ಶಿಷ್ಯ ತನ್ನ ಸ್ವರವನ್ನು ತಾನೇ ಕೇಳಿಸಿಕೊಳ್ಳಬೇಕಾಗುತ್ತದೆ. ಗುರು ಎದುರಿಗಿಲ್ಲದ ದಿನಗಳಲ್ಲಿ ಮಗುವಿಗೆ ಬೇಕಾಗುವುದು ಇದೇ. ವಾರಕ್ಕೆ ಒಂದು ದಿನ ಗುರು ಇರುತ್ತಾರೆ, ಉಳಿದ ಆರು ದಿನ ಮಗು ತನ್ನ ಕಿವಿಯನ್ನೇ ನಂಬಬೇಕು.

2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಮಾತಿಗೆ ಒಳ್ಳೆಯ ಬೆಂಬಲ. ಟೆಕ್ಸಾಸ್ ವಿಶ್ವವಿದ್ಯಾಲಯದ ರಾಬರ್ಟ್ ಡ್ಯೂಕ್ ಮತ್ತು ಜೊತೆಗಾರರು 17 ಪಿಯಾನೋ ವಿದ್ಯಾರ್ಥಿಗಳಿಗೆ ಒಂದೇ ಕಷ್ಟದ ಸಾಲು ಕೊಟ್ಟು, ಅವರು ಅಭ್ಯಾಸ ಮಾಡುವುದನ್ನು ದಾಖಲಿಸಿ, ಮರುದಿನ ಅವರಿಂದ ಅದನ್ನೇ ಮತ್ತೆ ನುಡಿಸಿ ನೋಡಿದರು. ಚೆನ್ನಾಗಿ ನುಡಿಸಿದವರು ಜಾಸ್ತಿ ಹೊತ್ತು ಕೂತವರಲ್ಲ, ಜಾಸ್ತಿ ಸಲ ನುಡಿಸಿದವರೂ ಅಲ್ಲ. ಎಲ್ಲಿ ತಪ್ಪುತ್ತಿದೆ ಎಂದು ಗುರುತಿಸಿ, ಅಲ್ಲೇ ನಿಂತು, ವೇಗ ಇಳಿಸಿ, ಸರಿಯಾಗುವ ತನಕ ಅದನ್ನೇ ತಿದ್ದಿಕೊಂಡವರು. ಮನೆಯಲ್ಲಿ ಹೇಗೆ ಅಭ್ಯಾಸ ಮಾಡಬೇಕು ಅನ್ನುವುದನ್ನು ಪಾಠದಲ್ಲೇ ತೋರಿಸಿಕೊಡುವ ಗುರು ನಿಮ್ಮ ಮಗಳಿಗೆ ಬೇಕು. "ಹತ್ತು ಸಲ ನುಡಿಸಿಕೊಂಡು ಬಾ" ಎಂದು ಕಳಿಸುವವರಲ್ಲ.

ಹಾಗಾಗಿ ಆ ವಾದಕಿಯನ್ನೇ ಆಗಲಿ, ಬೇರೆ ಯಾರನ್ನೇ ಆಗಲಿ, ಮೊದಲು ಒಂದು ಪಾಠ ನೋಡಲು ಬಿಡುತ್ತೀರಾ ಎಂದು ಕೇಳಿ. ನೋಡುವಾಗ ಒಂದೇ ವಿಷಯ ಲೆಕ್ಕ ಇಡಿ. ಮಗು ನುಡಿಸಿ ಮುಗಿಸಿದ ಮೇಲೆ ಗುರು ಎಷ್ಟು ವಿಷಯ ತಿದ್ದಿದರು? ಒಂದೇ ಉಸಿರಿಗೆ ಬೆನ್ನು, ಮೊಣಕೈ, ಸ್ವರ, ಲಯ ಎಲ್ಲ ಹೇಳಿದರೆ ಮಗುವಿಗೆ ಯಾವುದೂ ಹತ್ತುವುದಿಲ್ಲ. ಒಂದನ್ನು ಆರಿಸಿ, ಅದು ಬದಲಾಗುವ ತನಕ ಬಿಡದೆ, ಬದಲಾದಾಗ ಮಗುವಿಗೇ ಗೊತ್ತಾಗುವ ಹಾಗೆ ಮಾಡಿದರೆ ಅವರನ್ನು ಬಿಡಬೇಡಿ. ಗುರುವಿನ ಹೆಸರು ನೀವು ಕೇಳಿರದಿದ್ದರೂ ಪರವಾಗಿಲ್ಲ.

ಕಛೇರಿಗಾಗಿ ಊರೂರು ಸುತ್ತುವವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಎರಡು ವಾರ ಪಾಠ, ಒಂದು ತಿಂಗಳು ರಜೆ ಎಂದಾದರೆ ಹೊಸದಾಗಿ ಶುರು ಮಾಡಿದ ಮಗುವಿಗೆ ಕೈ ತಪ್ಪು ರೀತಿಯಲ್ಲಿ ಕೂತುಬಿಡುತ್ತದೆ. ತಪ್ಪಾಗಿ ಕೂತ ಕೈಯನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಆನ್‌ಲೈನ್‌ನಲ್ಲಿ ತುಂಬಿಸೋಣ ಅನ್ನುತ್ತಾರೆ. ಎರಡು ಮೂರು ವರ್ಷ ಕಲಿತವರಿಗೆ ಅದು ನಡೆಯುತ್ತದೆ. ಮೊದಲ ವರ್ಷಕ್ಕೆ ನಾನು ಬೇಡ ಅನ್ನುತ್ತೇನೆ. ಬೆರಳು ಮುಟ್ಟಿ ತಿದ್ದುವ ಹಾಗಿಲ್ಲ, ದನಿ ತಡವಾಗಿ ತಲುಪುವುದರಿಂದ ಗುರುವಿನ ಜೊತೆ ಸೇರಿ ನುಡಿಸುವ ಹಾಗಿಲ್ಲ, ಮಾತಿಗೆಂದೇ ಮಾಡಿದ ಆಪ್‌ಗಳು ವಾದ್ಯದ ನಾದವನ್ನು ಗದ್ದಲ ಅಂದುಕೊಂಡು ಕತ್ತರಿಸುವುದೂ ಉಂಟು.

ನನಗೆ ಸರಿ ಕಾಣುವ ದಾರಿ ಇದು. ಪ್ರತಿ ವಾರ ತಪ್ಪದೆ ಸಿಗುವ, ಚಿಕ್ಕ ಮಕ್ಕಳಿಗೆ ಕಲಿಸಿ ಅನುಭವ ಇರುವ ಗುರು ಒಬ್ಬರು. ವಾರಕ್ಕೆ ಅರ್ಧ ಗಂಟೆ ಸಾಕು, ಎಂಟು ವರ್ಷಕ್ಕೆ ಅದಕ್ಕಿಂತ ಹೆಚ್ಚು ಗಮನ ನಿಲ್ಲುವುದಿಲ್ಲ. ಮನೆಯಲ್ಲಿ ದಿನಾ ಕಾಲು ಗಂಟೆ. ನೀವು ಮೆಚ್ಚಿದ ಕಲಾವಿದೆಯ ಹತ್ತಿರ, ಮಗಳಿಗೆ ಸ್ವಲ್ಪ ಕೈ ಕೂತ ಮೇಲೆ, ಆಗೊಮ್ಮೆ ಈಗೊಮ್ಮೆ ಒಂದು ಪಾಠ. ದೊಡ್ಡ ಕಲಾವಿದರು ಇಂಥ ಬಿಡಿ ಪಾಠಗಳಿಗೆ ಖುಷಿಯಿಂದ ಒಪ್ಪುತ್ತಾರೆ. ವಾರದ ಗುರುವಿಗೆ ಮೊದಲೇ ಹೇಳಿ, ಅವರೂ ಬಂದು ಕೂತರೆ ಇನ್ನೂ ಒಳ್ಳೆಯದು. ಇಬ್ಬರ ಮಾತು ಎರಡು ದಿಕ್ಕಿಗೆ ಎಳೆಯಬಾರದು.

ಪಾಠದ ಹೊತ್ತಿಗೆ ನೀವೂ ಕೂತಿರಿ. ಜಪಾನಿನ ಶಿನಿಚಿ ಸುಜುಕಿ (1898–1998) ರೂಪಿಸಿದ ವಯಲಿನ್ ಕಲಿಕೆಯ ಪದ್ಧತಿಯಲ್ಲಿ ಇದು ಕಡ್ಡಾಯ. ಮಕ್ಕಳು ಮಾತೃಭಾಷೆ ಕಲಿಯುವ ಹಾಗೆಯೇ ಸಂಗೀತವನ್ನೂ ಕೇಳುತ್ತಾ, ತಂದೆ ತಾಯಿಯ ಜೊತೆಗೇ ಕಲಿಯಬೇಕು ಅನ್ನುವುದು ಅವರ ನಂಬಿಕೆ. ನೀವು ಆ ಪದ್ಧತಿಗೆ ಸೇರಬೇಕಾಗಿಲ್ಲ. ಆದರೆ ಗುರು ಏನು ಹೇಳಿದರು ಎಂದು ಗೊತ್ತಿದ್ದರೆ ಮನೆಯಲ್ಲಿ ಅಭ್ಯಾಸ ಜಗಳವಾಗುವುದಿಲ್ಲ. ಸುರಕ್ಷತೆಯ ಮಾತೂ ಇದೆ. ವಯಲಿನ್ ಕಲಿಸುವಾಗ ಕೈ, ಭುಜ ಮುಟ್ಟಿ ತಿದ್ದಬೇಕಾಗುತ್ತದೆ. ಒಳ್ಳೆಯ ಗುರು ಮಗುವನ್ನು ಕೇಳಿಯೇ ಮುಟ್ಟುತ್ತಾರೆ. ಮುಚ್ಚಿದ ಬಾಗಿಲ ಹಿಂದೆ ಪಾಠ, ತಂದೆ ತಾಯಿ ಬರಕೂಡದು ಅನ್ನುವವರ ಹತ್ತಿರ ಎಷ್ಟೇ ದೊಡ್ಡ ಹೆಸರಿದ್ದರೂ ಕಳಿಸಬೇಡಿ. ಇದರಲ್ಲಿ ಸಂಕೋಚ, ದಾಕ್ಷಿಣ್ಯ ಯಾವುದೂ ಬೇಡ. ಹಿಂದೆ ಅವರ ಹತ್ತಿರ ಕಲಿತ ಮಕ್ಕಳ ಮನೆಯವರನ್ನು ವಿಚಾರಿಸಿ.

ವಾದ್ಯವನ್ನು ಈಗಲೇ ಕೊಳ್ಳಬೇಡಿ. ಮಕ್ಕಳ ವಯಲಿನ್‌ಗಳಲ್ಲಿ 1/16ರಂಥ ಪುಟ್ಟ ಅಳತೆಗಳಿಂದ ಹಿಡಿದು ಪೂರ್ತಿ ಅಳತೆಯವರೆಗೆ ಗಾತ್ರಗಳಿವೆ. ಎಂಟು ವರ್ಷದವರಿಗೆ ಸಾಮಾನ್ಯವಾಗಿ ಅರ್ಧ ಅಳತೆ. ಆದರೆ ವಯಸ್ಸು ನೋಡಿ ಅಲ್ಲ, ತೋಳಿನ ಉದ್ದ ನೋಡಿ ಗುರುವೇ ಆರಿಸಲಿ. ಬೆಳೆದ ಮೇಲೆ ಹಾಕಿಕೊಳ್ಳಲಿ ಎಂದು ಬಟ್ಟೆಯ ಹಾಗೆ ದೊಡ್ಡದು ತಂದರೆ ಕತ್ತು, ಭುಜ ನೋಯುತ್ತದೆ. ಒಂದೆರಡು ವರ್ಷದಲ್ಲಿ ಅಳತೆ ಬದಲಾಗುವುದರಿಂದ ಬಾಡಿಗೆ ಒಳ್ಳೆಯದು. ತೀರಾ ಅಗ್ಗದ ವಾದ್ಯದಲ್ಲಿ ತಂತಿ ಎತ್ತರಕ್ಕಿರುತ್ತದೆ, ಬಿರಡೆ ನಿಲ್ಲುವುದಿಲ್ಲ. ಬೆರಳು ನೋಯುತ್ತದೆ, ಶ್ರುತಿ ಬಿಡುತ್ತದೆ, ಮಗು ತನಗೇ ಬರುವುದಿಲ್ಲ ಅಂದುಕೊಳ್ಳುತ್ತದೆ.

ಕೊನೆಯದಾಗಿ, ಇವೆರಡನ್ನೂ ಸೇರಿಸುವ ಒಂದು ಸಣ್ಣ ಉಪಾಯ. ಸಮಾರಂಭದ ದಿನ ಕಲಾವಿದರು ಹೇಗೂ ಮೊದಲೇ ಬಂದು ವಾದ್ಯ ಶ್ರುತಿ ಮಾಡಿಕೊಳ್ಳುತ್ತಾರೆ. ಕರಾರು ಮಾಡುವಾಗಲೇ ಕೇಳಿ, ಆ ಹೊತ್ತಿಗೆ ಹತ್ತು ನಿಮಿಷ ಮಗಳಿಗೆ ವಾದ್ಯ ತೋರಿಸುತ್ತೀರಾ ಎಂದು. ಪಾಠ ಬೇಡ. ಹತ್ತಿರದಿಂದ ನೋಡಲಿ, ಚೆಲ್ಲೋದ ಮೈ ಮುಟ್ಟಿ ಅದು ನಡುಗುವುದನ್ನು ತಿಳಿಯಲಿ, ಕೇಳಬೇಕೆನಿಸಿದ್ದು ಕೇಳಲಿ. ನೀವು ಪಕ್ಕದಲ್ಲಿ ನಿಂತು ಆ ವಾದಕಿಯನ್ನು ಗಮನಿಸಿ. ಮಗಳ ಪ್ರಶ್ನೆ ಮುಗಿಯುವ ತನಕ ಕಾಯುತ್ತಾರಾ, ಮಗಳ ಎತ್ತರಕ್ಕೆ ಬಗ್ಗಿ ಉತ್ತರ ಕೊಡುತ್ತಾರಾ, ಅಥವಾ ತಲೆ ಸವರಿ ತಮ್ಮ ಕೆಲಸಕ್ಕೆ ತಿರುಗುತ್ತಾರಾ? ಅಷ್ಟು ನೋಡಿದ ಮೇಲೆ ಪಾಠದ ಮಾತು ಎತ್ತಬೇಕೋ ಬೇಡವೋ ನಿಮಗೇ ತಿಳಿಯುತ್ತದೆ. ಆದರೆ ಫೋನ್ ಮಾತ್ರ ಈ ವಾರವೇ ಮಾಡಿ. ಒಳ್ಳೆಯ ತಂಡಗಳ ಸಂಜೆಗಳು ತಿಂಗಳುಗಳ ಮೊದಲೇ ಗೊತ್ತಾಗಿಬಿಟ್ಟಿರುತ್ತವೆ. ವಾರದ ಗುರುವನ್ನು ಹುಡುಕುವುದಕ್ಕೂ ಸಮಾರಂಭ ಮುಗಿಯಲಿ ಎಂದು ಕಾಯಬೇಕಾಗಿಲ್ಲ.